ಓದು ಬಾರದ ರೇಡಿಯೊ

ಲೆಫ್ಟಿನೆಂಟ್ ತೊರ್ಗೊಮ್ ಕೇಳಿದ,
ಒದ್ದೆ ಕಾಲುಚೀಲ ಒಲೆಯ ಮೇಲೆ ಒಣಹಾಕುತ್ತ:
"ರೇಡಿಯೊದಲ್ಲಿ ವೈರಸ್ ಬಿಡಬಹುದಂತೆ, ಹೌದಾ?
ತಂತಿ ಬೇಡ, ಪೆನ್‌ಡ್ರೈವ್ ಬೇಡ,
ಬರೀ ಗಾಳಿಯಲ್ಲಿ.
ಎಲ್ಲೋ ಒಂದು ದೇಶದ ರಾಡಾರು
ಹಾಗೇ ಕುರುಡಾಯಿತಂತೆ ಒಂದು ರಾತ್ರಿ."

ಅಂತೆ.
ಈ ಸ್ಯೂನಿಕ್ ಗುಡ್ಡಗಳಲ್ಲಿ
ಹಿಮಕ್ಕಿಂತ ಮೊದಲು ಬೀಳುವುದು ಅಂತೆ.
ಹದಿನಾಲ್ಕು ಚಳಿಗಾಲ ಆಂಟೆನಾದ ಮಂಜು ಕೆರೆದವನು ನಾನು,
ಎರಡನ್ನೂ ಗುದ್ದಲಿಯಲ್ಲೇ ಎತ್ತಿಹಾಕಿದ್ದೇನೆ.

ಮೂಲೆಯ ಹಳೇ ಸೆಟ್ಟು ತೋರಿಸಿದೆ,
ಹಸಿರು ಬಣ್ಣ ಹಪ್ಪಳೆದ್ದದ್ದು, ರಷ್ಯನ್ ಅಕ್ಷರದ ಗುಂಡಿಗಳದ್ದು.
"ಇದರ ಕಿವಿಯಲ್ಲಿ ಏನು ಬೇಕಾದರೂ ಕೂಗಲಿ.
ಅಲೆ ಬರುತ್ತೆ, ಸ್ಪೀಕರಿನ ಕಾಗದ ನಡುಗುತ್ತೆ, ಅಷ್ಟೇ.
ಜಾಮ್ ಮಾಡಿದರೆ ಕಿವಿ ಗಡಚಿಕ್ಕೀತು,
ಬುದ್ಧಿ ಕೆಡೋದಿಲ್ಲ, ಇದ್ದರೆ ತಾನೆ.
ಇದಕ್ಕೆ ಓದು ಬರೋದಿಲ್ಲ."

"ಅದಕ್ಕೆ?" ಎಂದ,
ಮೊನ್ನೆ ಬಂದ ಹೊಸದರತ್ತ ಗದ್ದ ಚಾಚಿ.
ಬೂದು ಬಣ್ಣ, ಅಂಗೈಯಗಲ,
ಮೇಲಿನ ಪ್ಲಾಸ್ಟಿಕ್ಕು ಇನ್ನೂ ಸುಲಿದಿಲ್ಲ.

"ಅದು ವಿದ್ಯಾವಂತ.
ಬಂದ ಅಲೆಯನ್ನು ಲಕೋಟೆಯ ಹಾಗೆ ಒಡೆಯುತ್ತೆ.
ಒಳಗೆ ಎಷ್ಟು ಸಾಲಿದೆ ಅಂತ ಮೇಲೆ ಬರೆದಿರುತ್ತೆ, ನಂಬುತ್ತೆ.
ನಲವತ್ತು ಅಂತ ಬರೆದು ನಾನೂರು ತುರುಕಿದ್ದರೆ
ಮಿಕ್ಕಿದ್ದು ಚೆಲ್ಲಿ ಹೋಗಿ ಬೀಳುತ್ತೆ
ಅಪ್ಪಣೆಗಳನ್ನು ಇಟ್ಟುಕೊಳ್ಳುವ ಗೂಡಿಗೆ.
ಆಮೇಲೆ ಚೆಲ್ಲಿದ್ದನ್ನೂ ಅಪ್ಪಣೆ ಅಂತಲೇ ಓದುತ್ತೆ."

"ಅಂದರೆ ಹೌದು."

"ಅಂದರೆ, ಯಾವ ಸೆಟ್ಟಿನಲ್ಲಿ ಯಾವ ತಪ್ಪು,
ಯಾವ ಫ್ರೀಕ್ವೆನ್ಸಿ, ಯಾವ ಬೀಗಕ್ಕೆ ಯಾವ ಕೈ,
ಎಲ್ಲ ಅವರಿಗೆ ಗೊತ್ತಿರಬೇಕು ಮೊದಲೇ.
ಅಷ್ಟು ಅಕ್ಕರೆಯಿಂದ ನಮ್ಮನ್ನು ಯಾರು ಓದಿದ್ದಾರೆ, ತೊರ್ಗೊಮ್?"

ನಕ್ಕ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.
ಉಳಿದದ್ದು ಅವನಿಗೆ ಹೇಳಲಿಲ್ಲ.

ನನ್ನ ಅಜ್ಜಿ ಅರೆಗ್ನಾಜ್‌ಗೆ ಅಕ್ಷರ ಬರುತ್ತಿರಲಿಲ್ಲ.
ಊರಿಗೆ ಶಾಲೆ ಬಂದ ವರ್ಷ
ಅವಳ ಪಾಲಿಗೆ ಕುರಿ ಬಂದಿದ್ದವು.
ಹಿಂದಿನ ಯುದ್ಧದ ಬೇಸಿಗೆ, ಮೇಲಿನ ಹುಲ್ಲುಗಾವಲಿಗೆ
ಕುದುರೆಯಲ್ಲಿ ಬಂದವನೊಬ್ಬ ಕಾಗದ ಕೊಟ್ಟು
ಕೊಟ್ಟ ಮಜ್ಜಿಗೆ ಮುಟ್ಟದೆ ಹೋದನಂತೆ.
ತೇವ ತಾಕೀತೆಂದು ಅವಳು ಅದನ್ನು
ಹಿಟ್ಟಿನ ಡಬ್ಬದ ಮುಚ್ಚಳದಡಿ ಇಟ್ಟಳು.

ಹನ್ನೊಂದು ದಿನ
ಚಿಕ್ಕಪ್ಪ ಹ್ರಾಚಿಕ್ ಬದುಕಿದ್ದ ಆ ಗುಡಾರದಲ್ಲಿ.
ದಿನಾ ಬೆಳಗ್ಗೆ ಅಜ್ಜಿ ಕಾಗದ ಪಕ್ಕಕ್ಕಿಟ್ಟು
ಹಿಟ್ಟು ತೆಗೆದು
ಮತ್ತೆ ಅದನ್ನು ಅಲ್ಲೇ ಇಟ್ಟಳು.
ಲವಾಶ್ ಸುಟ್ಟಳು, ಅವನ ಪಾಲು ಬಟ್ಟೆಯಲ್ಲಿ ಸುತ್ತಿದಳು.
ಅವನ ಕಾಲುಚೀಲದ ಹಿಮ್ಮಡಿ ಹೆಣೆದಳು,
ಒಂದು ಮುಗಿದು
ಎರಡನೆಯದು ಅರ್ಧ.

ಹನ್ನೆರಡನೆಯ ದಿನ ನಾನು ಹೋದೆ,
ಎರಡನೇ ಕ್ಲಾಸು ಪಾಸಾಗಿ,
ಕಂಡದ್ದನ್ನೆಲ್ಲ ಓದುವ ಹುಚ್ಚು ಹತ್ತಿಸಿಕೊಂಡು:
ಬೆಂಕಿಪೊಟ್ಟಣ, ಲಾರಿಯ ಬಾಗಿಲು, ಸಕ್ಕರೆ ಮೂಟೆ.
"ಇದನ್ನ ಓದೋ" ಎಂದು ಅಜ್ಜಿ ಕೈಗೆ ಕೊಟ್ಟಳು.

ಮೇಷ್ಟ್ರು ಕಲಿಸಿದ ಹಾಗೆ ನೆಟ್ಟಗೆ ನಿಂತೆ.
ಅಕ್ಷರಕ್ಕೆ ಅಕ್ಷರ ಕೂಡಿಸಿ
ಕುರಿಗಳಿಗೂ ಕೇಳುವಷ್ಟು ಜೋರಾಗಿ ಓದಿದೆ.
ಏನು ಓದುತ್ತಿದ್ದೇನೆಂದು ನನಗೆ ತಿಳಿದಿರಲಿಲ್ಲ.
ನಾನು ಉದ್ದದ ಪದ ಎಡವದೆ ದಾಟಿದಾಗಲೆಲ್ಲ
ಅವಳ ಮುಖ ಅರಳುತ್ತಿತ್ತು.
ಮೂರನೇ ಸಾಲಿನ ತನಕ
ಅರಳುತ್ತಲೇ ಇತ್ತು.

ತೊರ್ಗೊಮ್‌ಗೆ ನಿದ್ದೆ ಹತ್ತಿದೆ, ಕಾಲುಚೀಲ ಸೀಯುವ ವಾಸನೆ.
ಬೆಳಗ್ಗೆ ಹೊಸ ಸೆಟ್ಟಿನ ಪಟ್ಟಿಗೆ ಸಹಿ ಹಾಕಬೇಕು,
'ಸ್ವೀಕರಿಸಿದ್ದೇನೆ' ಎಂಬಲ್ಲಿ.
ಅದರ ಹಸಿರು ದೀಪ ಮಿಣುಕಿತು ಈಗಷ್ಟೇ:
ಏನೋ ಬಂದಿದೆ, ಅದು ಓದುತ್ತಿದೆ.
ಉಗುರಿನ ತುದಿಯಿಂದ
ಪ್ಲಾಸ್ಟಿಕ್ಕಿನ ಅಂಚು ಎತ್ತುತ್ತ
ಕೂತಿದ್ದೇನೆ.