ಗಾಳಿಗೆ ದುಡ್ಡಿಲ್ಲ

ಐವತ್ತಾರಕ್ಕೆ ಲೈಸೆನ್ಸು ಸಿಕ್ಕವಳು ನಾನು.
ಪಕ್ಕದ ಸೀಟಿನಲ್ಲಿ ಖುತೇಜಾ, ಮಡಿಲಲ್ಲಿ ಮಂಡಕ್ಕಿ ಚೀಲ.
ಗೇರು ಬದಲಿಸಿದಾಗೆಲ್ಲ "ಯಾ ಅಲ್ಲಾ" ಅನ್ನುತ್ತ
ಒಂದೊಂದು ಹಿಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.
ದಾವಣಗೆರೆಯ ಸಂದಿಗೊಂದಿ ದಾಟಿ ಹೆದ್ದಾರಿ ಹಿಡಿಯುವಷ್ಟರಲ್ಲಿ
ಅರ್ಧ ಚೀಲ ಖಾಲಿ.

ಮಿಲ್ಲಿನಲ್ಲಿ ಇಬ್ಬರಿಗೂ
ಒಂದೇ ಪಾಳಿ, ಒಂದೇ ಬುತ್ತಿ.
ಮಿಲ್ಲು ಮುಚ್ಚಿತು. ಅವಳು ಹೊಲಿಗೆಗೆ, ನಾನು ಅಂಗನವಾಡಿಗೆ.
"ಒಂದಿನ ಎಲ್ರನ್ನೂ ನೋಡ್ಕೊಂಡ್ ಬರಣ ಕಣೆ" ಅಂದಿದ್ದಳು
ಕೊನೆಯ ಸೈರನ್ನು ಕೂಗಿದ ಸಂಜೆ, ಗೇಟಿನ ಹತ್ತಿರ.
ಆ ಒಂದಿನ ಬರಲು ಇಷ್ಟು ಕಾಲ ಹಿಡಿಯಿತು.
ಬಂದದ್ದೂ ಪಂಕ್ಚರಿನ ಜೊತೆಗೇ.

ಭರಮಸಾಗರದ ಹತ್ತಿರ, ಹುಣಸೆಮರದ ಬುಡದಲ್ಲಿ
ಒಬ್ಬ ಹುಡುಗ ಟ್ಯೂಬನ್ನು ಬಾನಿಯಲ್ಲಿ ಮುಳುಗಿಸಿ
ಗುಳ್ಳೆ ಏಳುವುದನ್ನೇ ನೋಡುತ್ತ ಕೂತ,
ಕೂಸಿನ ಉಸಿರು ನೋಡುವ ಹಾಗೆ.
ತೇಪೆಗೆ ಎಂಬತ್ತು ತಗೊಂಡ.
ಕೇಳದೇ ಉಳಿದ ಗಾಲಿಗಳಿಗೂ ಗಾಳಿ ತುಂಬಿದ.
"ಅದಕ್ಕೆಷ್ಟಪ್ಪ?"
"ಗಾಳಿಗೆ ದುಡ್ಡಿಲ್ಲ ಬಿಡ್ರವ್ವ."

ದುರ್ಗದ ಗುಡ್ಡಗಳ ಮೇಲೆ ಆ ದೊಡ್ಡ ದೊಡ್ಡ ರೆಕ್ಕೆಗಳು
ನಿಧಾನಕ್ಕೆ ತಿರುಗುತ್ತಿದ್ದವು.
"ಅವನ ಮಾತು ಇವಕ್ಕೆ ಯಾರೂ ಹೇಳಿಲ್ಲ" ಅಂದಳು ಖುತೇಜಾ.

ಕೋಟೆ ಹತ್ತಲಿಲ್ಲ, ಮಂಡಿ ಒಪ್ಪಲಿಲ್ಲ.
ಚಂದ್ರವಳ್ಳಿ ಕೆರೆಯ ಅಂಚಿನ ಬಂಡೆ ಮೇಲೆ
ಚಪ್ಪಲಿ ಬಿಟ್ಟು ಸುಮ್ಮನೆ ಕೂತೆವು.
ಮೀನು ಕಾಲು ಕಚ್ಚಿದರೂ ಏಳಲಿಲ್ಲ.

ಆಮೇಲೆ ಗಾದ್ರಪ್ಪನ ಮನೆ.
ನಮ್ಮ ಜಾಬರ್. ಆಗ ಬೈದರೆ ಮಗ್ಗವೂ ನಿಲ್ಲುತ್ತಿತ್ತು.
ಈಗ ಕಿವಿ ಪೂರಾ ಹೋಗಿದೆ.
ಸೊಸೆ ಕೂಗಿ ಕೂಗಿ ಸೋತಿದ್ದಾಳೆ.
ಖುತೇಜಾ ಹೆಬ್ಬೆರಳು ಎತ್ತಿ ತುಟಿಗೆ ತಾಗಿಸಿದಳು:
ಮಗ್ಗದ ಗದ್ದಲದಲ್ಲಿ ಚಹಾಕ್ಕೆ ನಾವು ಮಾಡುತ್ತಿದ್ದ ಸನ್ನೆ.
ಮುದುಕ ಎದ್ದು ನಿಂತ.
ಎರಡು ಬೆರಳು ಆಡಿಸಿದ: ಎಳೆ ಹರೀತು.
ನಾನು ಅಂಗೈ ತೋರಿಸಿದೆ: ಸೂಪರ್‌ವೈಜರ್ ಬಂದ.
ಒಂದು ಗಂಟೆ ಹೊತ್ತು ಮಾತಾಡಿದೆವು, ಒಂದು ಶಬ್ದವಿಲ್ಲದೆ,
ಮನೆಯವರೆಲ್ಲ ಬಾಗಿಲಿಗೆ ಬಂದು ನೋಡುವಷ್ಟು ನಕ್ಕೆವು.

ಚಳ್ಳಕೆರೆಯಲ್ಲಿ ಶೇಂಗಾ ಕೊಂಡಿದ್ದು, ದಾರಿ ತಪ್ಪಿದ್ದು,
ಕುರಿ ಹಿಂಡಿನ ಮಧ್ಯೆ ಸಿಕ್ಕಿಕೊಂಡು ಹಾರನ್ನು ಮರೆತದ್ದು
ಎಲ್ಲ ಬರೆದರೆ ಮುಗಿಯುವುದಿಲ್ಲ.

ಮೊಳಕಾಲ್ಮೂರಿನಲ್ಲಿ ಬನಶಂಕರಪ್ಪ ಮಾವ
ನನ್ನ ಮುಖ ನೋಡಿ "ಯಾರವ್ವ?" ಅಂದ.
ಹೆಸರು ಹೇಳಿದೆ, ಅಪ್ಪನ ಹೆಸರು, ಊರು ಹೇಳಿದೆ.
ತಲೆ ಅಲ್ಲಾಡಿಸಿದ, ಗೊತ್ತಿಲ್ಲ.
ಕೈ ಮಾತ್ರ ನನ್ನ ಸೆರಗಿಗೆ ಬಂತು.
ಮದುವೆಯಲ್ಲಿ ಅವನೇ ನೇಯ್ದು ಕೊಟ್ಟ ಸೀರೆ,
ತೋರಿಸಲಿಕ್ಕೆಂದೇ ಉಟ್ಟುಕೊಂಡು ಹೋಗಿದ್ದೆ.
ಅಂಚಿನುದ್ದಕ್ಕೂ ಹೆಬ್ಬೆರಳು ಓಡಿಸಿದ,
ಒಂದು ಕಡೆ ನಿಂತ.
"ಇಲ್ಲೊಂದು ಹೊಕ್ಕು ತಪ್ಪೈತೆ.
ಅವತ್ತು ನಮ್ ತಂಗಿ ಬಾಗಿಲಾಗೆ ನಿಂತು ನಗತಿದ್ಲು.
ತಲೆ ಎತ್ತಿ ನೋಡ್ದೆ, ಲಾಳಿ ಜಾರ್ತು."

ಅವನ ತಂಗಿ ಅಂದರೆ ನನ್ನವ್ವ.
ಮೂವತ್ತು ವರ್ಷ ಪೆಟ್ಟಿಗೆಯಲ್ಲಿ ನುಸಿಗುಳಿಗೆಯ ಜೊತೆ
ಅವಳ ಒಂದು ನಗು ಮಡಿಸಿಟ್ಟಿದ್ದೆ,
ನನಗೇ ಗೊತ್ತಿರಲಿಲ್ಲ.

ವಾಪಸು ಜಗಳೂರಿನ ಮೇಲೆ ಬಂದೆವು. ಕತ್ತಲಾಗಿತ್ತು.
ಡಿಕ್ಕಿಯಲ್ಲಿ ಯಾರ್ಯಾರೋ ತುರುಕಿದ ಈರುಳ್ಳಿ,
ಒಂದು ಕಂಬಳಿ, ಉಪ್ಪಿನಕಾಯಿ ಡಬ್ಬಿ,
ಗಾದ್ರಪ್ಪನ ಸೊಸೆ ಕೊಟ್ಟ ತುಳಸಿ ಸಸಿ.
ಖುತೇಜಾ ಬಾಯಿ ತೆರೆದು ನಿದ್ದೆ ಹೋಗಿದ್ದಳು,
ಗೇರು ಬದಲಿಸಿದರೂ ಅಲ್ಲಾನನ್ನು ಕರೆಯಲಿಲ್ಲ.
ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಬೇಡ.

ಯಾರಿಗೆ ಏನಂತ ಹೇಳಲಿ?
ಹೇಳಿದರೆ ಬೈಯುತ್ತಾರೆ, "ನಮಗೇನ್ ಉಪಚಾರ" ಅಂತ.

ವಾರವಾಯಿತು. ಕಾರು ಇನ್ನೂ ತೊಳೆದಿಲ್ಲ,
ಕೆಂಪು ಧೂಳಿನ ಮೇಲೆ ಪಕ್ಕದ ಮನೆ ಮಕ್ಕಳು
ತಮ್ಮ ಹೆಸರು ಬರೆದಿದ್ದಾರೆ.
ಆ ತಪ್ಪಿದ ಎಳೆ ಕಣ್ಣಿಗೆ ಕಾಣುವುದಿಲ್ಲ,
ಬೆರಳಿಗೆ ಸಿಗುತ್ತದೆ.
ಬೆಳಿಗ್ಗೆ ಗಾಲಿಗಳನ್ನು ಒದ್ದು ನೋಡಿದೆ:
ಆ ಹುಡುಗನ ಗಾಳಿ
ಇನ್ನೂ ಹಾಗೇ ಇದೆ.