ಏಳನೇ ನಂಬರಿನ ಜಾಗ

ಮೆರಿಂಗಲ್ ಊರು ಸಿಕ್ಕಾಗ ನಾಲ್ಕೂವರೆ.
ಗೋಧಿ ತುಂಬುವ ಸೈಲೋ ಮೇಲೆ ಯಾರೋ ಬರೆದ ಹೆಂಗಸು,
ಎಂಟು ಮಹಡಿ ಎತ್ತರ, ಪಕ್ಕಕ್ಕೊಂದು ನಾಯಿ,
ಎರಡೂ ನಮ್ಮನ್ನು ಬಿಟ್ಟು ರೈಲುಕಂಬಿ ನೋಡುತ್ತಿದ್ದವು.
ಕಾರಿನ ಗಾಜಿನ ತುಂಬ ಮಿಡತೆಯ ರೆಕ್ಕೆ.
ಬೇಕರಿ ಮುಚ್ಚಿತ್ತು. ಅದಕ್ಕೂ ಲಿಂಡ್ಸೆ ನನ್ನನ್ನೇ ಬೈದ.

ಶೋಗ್ರೌಂಡಿನಲ್ಲಿ ರಾತ್ರಿಗೆ ಹದಿನೈದು ಡಾಲರು,
ಲಕೋಟೆಯಲ್ಲಿಟ್ಟು ಡಬ್ಬಿಗೆ ತುರುಕಬೇಕು, ನಂಬಿಕೆಯ ಮೇಲೆ.
ಕೋಳಿ ಪ್ರದರ್ಶನದ ಶೆಡ್ಡು, ಹಿಂದುಗಡೆ ಎರಡು ಶವರು,
ನಲ್ಲಿಗೆ ಕಟ್ಟಿದ ತಗಡಿನಲ್ಲಿ ಕೈಬರಹ:
ಕುಡಿಯಿರಿ. ಟ್ಯಾಂಕು ತುಂಬಿಸಬೇಡಿ.

ನಮ್ಮದು ಮೂರನೇ ನಂಬರು, ಎರಡು ಪೆಪ್ಪರ್ ಮರಗಳ ನಡುವೆ.
ನಾನು ಇಳಿದು ಹಿಂದೆ ನಿಂತೆ, ವಾಕಿಟಾಕಿ ಹಿಡಿದು,
ಲಾರಿಯವರ ನಲವತ್ತನೇ ಚಾನಲ್ಲು
ಬದಲಿಸುವುದು ಮರೆತು.

ಕ್ಯಾರವಾನ್ ಹಿಂದಕ್ಕೆ ತೆಗೆಯುವಾಗ ಎಲ್ಲ ಉಲ್ಟಾ:
ಬಾಲ ಎಡಕ್ಕೆ ಹೋಗಬೇಕೆಂದರೆ ಸ್ಟಿಯರಿಂಗು ಬಲಕ್ಕೆ.
ಇದನ್ನು ಹೇಳಿಕೊಟ್ಟವನೇ ಅವನು,
ನನಗೆ, ಮೂವರು ಮಕ್ಕಳಿಗೆ, ಆಮೇಲೆ ಅಳಿಯನಿಗೆ,
ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ, ಬೆಂಕಿಪೊಟ್ಟಣ ಇಟ್ಟು.
ಮೂವತ್ತೆಂಟು ವರ್ಷ ಶಾಲೆಯ ಬಸ್ಸು ಓಡಿಸಿದ ಕೈ.
ಸಂದಿಯಲ್ಲಿ ಬಸ್ಸು ತಿರುಗಿಸುವುದೆಂದರೆ ಅವನಿಗೆ ನೀರು ಕುಡಿದ ಹಾಗೆ.

"ಎಡಕ್ಕೆ, ಲಿಂಡ್ಸೆ." ಬಲಕ್ಕೆ ಹೋಯಿತು.
"ಎಡಕ್ಕೆ." ಮರದ ತೊಗಟೆ ಕೆರೆಯಿತು.
"ನಿಲ್ಲಿಸು. ಅಯ್ಯೋ, ನಿಲ್ಲಿಸು."
ಹೈವೇಯಲ್ಲಿ ಕುರಿ ಸಾಗಿಸುತ್ತಿದ್ದವನೊಬ್ಬ ನಡುವೆ ಬಾಯಿ ಹಾಕಿದ:
"ಯಜಮಾನ್ರೇ, ಅಮ್ಮಾವ್ರ ಮಾತು ಕೇಳಿ,
ಎಡ ಯಾವುದಂತ ನನ್ನ ಕುರಿಗಳಿಗೂ ಗೊತ್ತಾಯ್ತು."
ನನಗೆ ನಗು ಬಂತು. ನಗುತ್ತಲೇ
ಪಕ್ಕದ ಕನ್ನಡಿಯಲ್ಲಿ ಅವನನ್ನು ನೋಡಿದೆ.

ಸ್ಟಿಯರಿಂಗಿನಿಂದ ಎರಡೂ ಕೈ ಎತ್ತಿ ಹಿಡಿದಿದ್ದ.
ಒಂದನ್ನು ನೋಡಿದ, ಆಮೇಲೆ ಇನ್ನೊಂದನ್ನು,
ಮಕ್ಕಳು ಬಸ್ಸಿನಲ್ಲಿ ಬಿಟ್ಟುಹೋದ ಕೈಗವಸು ನೋಡುವಂತೆ,
ಯಾವುದು ಯಾರದೋ.

ಆಗ ಬಂದವಳು ವಿವ್ ಟ್ಯಾಪ್ಸೆಲ್, ಮೈದಾನ ನೋಡಿಕೊಳ್ಳುವವಳು,
ರಬ್ಬರ್ ಬೂಟು, ಹಿಂದೆ ಒಂದು ಮುದಿ ಕೆಲ್ಪಿ ನಾಯಿ.
ತೊಗಟೆ ನೋಡಿದಳು. ನನ್ನನ್ನು ನೋಡಿದಳು.
"ಈ ಮರ ಯಾವಾಗಲೂ ಅಡ್ಡ ಬರುತ್ತೆ" ಎಂದಳು ಅವನಿಗೆ,
ಅರವತ್ತು ವರ್ಷದಿಂದ ಅಲ್ಲೇ ನಿಂತಿರುವ ಮರದ ಬಗ್ಗೆ.
"ಏಳನೇ ನಂಬರು ಖಾಲಿ ಇದೆ. ಈ ಕಡೆ ನುಗ್ಗಿ, ಆ ಕಡೆ ಹೊರಡಿ.
ಹಿಂದಕ್ಕೆ ತೆಗೆಯೋ ತಂಟೆಯೇ ಇಲ್ಲ. ದುಡ್ಡು ಅಷ್ಟೇ."

ಅವಳು ಮುಂದೆ ನಡೆದಳು, ಹಿಂದೆ ನಾಯಿ, ನಾಯಿಯ ಹಿಂದೆ
ಏಳು ಮೀಟರು ಉದ್ದದ ನಮ್ಮ ಮನೆ.
ಬೇರೆ ಮನೆ ಇಲ್ಲ. ಮೇ ತಿಂಗಳಲ್ಲಿ ಮಾರಿದೆವು.

ಕತ್ತಲಾದ ಮೇಲೆ ಶವರಿನ ಬಾಗಿಲಲ್ಲಿ
ಆರು ಮೊಟ್ಟೆ ಕೊಟ್ಟಳು, ಪೇಪರಿನಲ್ಲಿ ಸುತ್ತಿ.
ತಿರುಗಿ ಹೊರಟವಳು ನಿಂತಳು:
"ನಮ್ಮನೆಯವರಿಗೆ ಮೊದಲು ಹೋಗಿದ್ದು ಗೇಟಿನ ಕೊಂಡಿ.
ಹಾಕೋದು ಹೇಗೆ ಅಂತ."
ಅಷ್ಟೇ. ಟಾರ್ಚಿನ ಬೆಳಕು ಕೋಳಿ ಶೆಡ್ಡು ದಾಟಿತು.

ರಾತ್ರಿಯಿಡೀ ಲಾರಿ. ಅವನು ಮಗುವಿನ ಹಾಗೆ ಮಲಗಿದ್ದ.
ನಾನು ಆರು ಮೊಟ್ಟೆಗಳನ್ನು
ಅಲುಗಾಡದ ಜಾಗ ಹುಡುಕಿ ಇಟ್ಟೆ, ತೆಗೆದೆ, ಮತ್ತೆ ಇಟ್ಟೆ.

ಬೆಳಿಗ್ಗೆ ಗುಲಾಬಿ ಎದೆಯ ಗಲಾ ಗಿಳಿಗಳು
ಸಂತೆಯ ಗಲಾಟೆ ಎಬ್ಬಿಸಿದವು.
ಬೇಕರಿ ತೆರೆದಿತ್ತು. ವೆನಿಲಾ ಸ್ಲೈಸು ತಂದೆವು.
ತಿಂದ, ಚೆನ್ನಾಗಿಲ್ಲ ಎಂದ, ನನ್ನದನ್ನೂ ತಿಂದ.
ನಾನು ಕಾಲುಗಳ ಜಾಕು ಎತ್ತಿ, ಸರಪಳಿ ಸಿಕ್ಕಿಸಿ ಬರುವಷ್ಟರಲ್ಲಿ
ಅವನು ಕಾರಿನಲ್ಲಿ ಕೂತಾಗಿತ್ತು,
ಬೆಲ್ಟು ಹಾಕಿಕೊಂಡು, ಎಡಗಡೆಯ ಸೀಟಿನಲ್ಲಿ.

ಎಡ ಯಾವುದೆಂದು ಯಾರೂ ಹೇಳಿರಲಿಲ್ಲ.

ಬೀಗದ ಕೈ ನನ್ನ ಸೀಟಿನ ಮೇಲೆ.
ನಾನು ಎಂಜಿನ್ ಹಚ್ಚಿದೆ. ಅವನು ವಾಕಿಟಾಕಿ ತೆಗೆದುಕೊಂಡ,
ಗಂಟಲು ಸರಿಮಾಡಿಕೊಂಡ, ನಲವತ್ತನೇ ಚಾನಲ್ಲು:
"ಮೆರಿಂಗಲ್‌ನಿಂದ ಪಶ್ಚಿಮಕ್ಕೆ ಒಂದು ಕ್ಯಾರವಾನ್ ಹೊರಟಿದೆ.
ಓಡಿಸ್ತಿರೋದು ನನ್ನ ಹೆಂಡತಿ.
ಎಲ್ಲರೂ ಸ್ವಲ್ಪ ದೂರ ಇರಿ."