ನಮ್ಮ ಕತ್ತೆಗಳು

ಶಾರ್ಜಾ, ಇಂಡಸ್ಟ್ರಿಯಲ್ ಏರಿಯಾ ಹತ್ತು.
ಟಯರು ಗೋದಾಮಿಗೂ ಬಡಗಿಯ ಶೆಡ್ಡಿಗೂ ನಡುವೆ
ನಮ್ಮ ಪ್ರೆಸ್ಸು.
ಬುಧವಾರ ರಾತ್ರಿ ಒಂಬತ್ತು, ಹೊರಗೆ ಇನ್ನೂ ನಲವತ್ತು ಡಿಗ್ರಿ.
ಶುಕ್ರವಾರ ಸಂಘದ ಬೆಳ್ಳಿಹಬ್ಬ.
ಸಂಚಿಕೆ ಬಿಡುಗಡೆ ಮಾಡುವ ಅತಿಥಿ
ಆಗಲೇ ವಿಮಾನ ಹತ್ತಿದ್ದಾರಂತೆ;
ಸಂಚಿಕೆ ಇನ್ನೂ ಮಶೀನು ಹತ್ತಿಲ್ಲ.

ಕಾರ್ಯದರ್ಶಿ ಸುವರ್ಣರ ಫೋನು, ಹತ್ತು ನಿಮಿಷಕ್ಕೊಮ್ಮೆ:
"ಒಂದೇ ಒಂದು ಜಾಹೀರಾತು, ಕೊನೇದು,
ಕಾಲು ಪುಟ. ಇಲ್ಲ ಇಲ್ಲ, ಅರ್ಧ.
ಚಿನ್ನದಂಗಡಿಯವರು ಮಾರಾಯ್ರೆ, ಆಗುದಿಲ್ಲ ಹೇಳ್ಲಿಕ್ಕೆ ಆಗ್ತದಾ?"
ಆಗ್ತದೆ, ಅಂದಳು ಐರಿನ್ ಕ್ರಾಸ್ತಾ, ಫೋನು ಇಟ್ಟ ಮೇಲೆ.
ಇಟ್ಟ ಮೇಲೆ ನಾವೆಲ್ಲ ಧೈರ್ಯವಂತರೇ.
ಅರ್ಧ ಪುಟ ಎಲ್ಲಿಂದ ತರುವುದು?
ಯಾರದೋ ನಾಲ್ಕು ಹನಿಗವನ ಕುಗ್ಗಿಸಿದೆವು
ಇರುವೆ ಸಾಲಿನಷ್ಟು.
ಕವಿಗಳು ಕ್ಷಮಿಸಲಿ.
ಕ್ಷಮಿಸುವುದಿಲ್ಲ, ಗೊತ್ತು.

ಹನ್ನೆರಡಕ್ಕೆ ಹಮ್ಮಬ್ಬನ ಸುಲೈಮಾನಿ,
ಫ್ಲಾಸ್ಕಿನ ಮುಚ್ಚಳವೇ ಲೋಟ, ಐವರಿಗೂ ಅದೊಂದೇ.
ಕಟಿಂಗಿನ ಗುಲ್‌ರೇಜ್ ತಂದ ಖುಬೂಸು,
ಐರಿನ್ ಡಬ್ಬಿಯಲ್ಲಿ ಬೆಳಗಿನ ಬಂಗುಡೆ ಪುಳಿಮುಂಚಿ.
ಕೆಟ್ಟ ಪ್ರಿಂಟುಗಳನ್ನು ನೆಲಕ್ಕೆ ಹಾಸಿ ಉಂಡೆವು.
ಅಧ್ಯಕ್ಷರ ಸಂದೇಶದ ಮೇಲೆ ಒಂದಿಷ್ಟು ಸಾರು ಚೆಲ್ಲಿತು,
ಸರಿಯಾಗಿ "ರುಚಿಕರ" ಎಂಬಲ್ಲಿ.

ಫಾಂಟು ಬದಲಿಸಿದಾಗಲೆಲ್ಲ
ಒತ್ತಕ್ಷರಗಳು ರಜೆ ಕೇಳದೆ ಓಡಿಹೋಗುತ್ತವೆ.
ಹಿಡಿದು ತಂದು ಅವವನ್ನು
ಅವವುಗಳ ಕಾಲಬುಡದಲ್ಲಿ ಕೂರಿಸುವುದು ನನ್ನ ಕೆಲಸ.
ಒಂದು ಗಂಟೆ, ಎರಡು ಗಂಟೆ,
ನಿದ್ದೆಗಣ್ಣಲ್ಲಿ ಒಂದನ್ನು
ಬೇರೆಯವರ ಮನೆಗೆ ಕಳಿಸಿಬಿಟ್ಟೆ.

"ಯಾ ಕನ್ನಡ! ಶೂಫ್!"
ನನ್ನ ಹೆಸರು ಇದ್ರೀಸನ ನಾಲಿಗೆಗೆ ಹೊರಳುವುದಿಲ್ಲ,
ಹಾಗಾಗಿ ಇಡೀ ಭಾಷೆಯ ಹೆಸರೇ ನನಗೆ.
ಸುಡಾನಿನ ಆರಡಿ ಮನುಷ್ಯ, ಪ್ಲೇಟು ಮಾಡುವವನು.
ನಮ್ಮ ಲಿಪಿ ಅವನಿಗೆ ಬರೀ ಉರುಟು, ಬೋಗುಣಿ, ಕೊಕ್ಕೆ.
ಹಾಳೆಯನ್ನು ಟ್ಯೂಬ್‌ಲೈಟಿಗೆ ಹಿಡಿದು
ತನ್ನ ಅರೆಬರೆ ಹಿಂದಿಯಲ್ಲಿ ಕೇಳಿದ:
ಮೂವತ್ತಾರರಲ್ಲಿ ಇವಳಿಗೆ ಜುಮಕಿ ಇಲ್ಲ,
ಮೂವತ್ತೇಳರಲ್ಲೂ ಇಲ್ಲ,
ಮೂವತ್ತಮೂರರಲ್ಲಿ ಮಾತ್ರ ತೂಗಾಡ್ತಿದೆ. ಯಾಕೆ?

ಓದಿದೆ. ಪುಟದ ನೆತ್ತಿಯಲ್ಲಿ, ದಪ್ಪಕ್ಷರದಲ್ಲಿ:
"ನಮ್ಮ ಕತ್ತೆಗಳು".
ಕೆಳಗೆ ಸಂಘದ ಏಳು ಮಂದಿ ಕತೆಗಾರರ ಫೋಟೋ,
ಕೋಟು, ಟೈ ಸಮೇತ.

ಐರಿನ್ ಕುರ್ಚಿಯಿಂದ ಜಾರಿದಳು.
ಹಮ್ಮಬ್ಬ ಮಶೀನಿನ ಕೆಂಪು ಗುಂಡಿ ಒತ್ತಿ,
ಅದು ಪೂರ್ತಿ ನಿಂತ ಮೇಲೆ, ಶಿಸ್ತಿನಿಂದ, ನಕ್ಕ.
ಇದ್ರೀಸನಿಗೆ ಹೇಳುವುದು ಹೇಗೆ?
ಎರಡು ಕೈ ಕಿವಿಯ ಪಕ್ಕ ಎತ್ತಿ, ಅರಚಿ ತೋರಿಸಿದೆ.
"ಹಿಮಾರ್?" ಎಂದ.
"ಹಿಮಾರ್," ಎಂದೆವು.
ತನ್ನ ಎದೆ ಮುಟ್ಟಿಕೊಂಡ: ಹಿಮಾರ್.
ನನ್ನತ್ತ ಬೆರಳು: ಹಿಮಾರ್.
ಗುಲ್‌ರೇಜ್ ಕೇಳುವ ಮೊದಲೇ ಕೈಯೆತ್ತಿದ.

ಅಷ್ಟರಲ್ಲಿ ಇನ್ನೂರು ಹಾಳೆ ಹೋಗಿತ್ತು.
ಹೊಸ ಪ್ಲೇಟಿಗೆ ನಲವತ್ತು ನಿಮಿಷ,
ಬೈಂಡಿಂಗಿನ ವ್ಯಾನು ಐದೂವರೆಗೆ.
ಆಮೇಲೆ ಯಾರೂ ಮಾತಾಡಲಿಲ್ಲ.
ಮಶೀನೇ ಮಾತಾಡಿತು, ಬಾಂಗಿನವರೆಗೆ.

ವ್ಯಾನು ತಿರುವು ದಾಟಿದ ಮೇಲೆ
ಮುದೀರನ ರಿಜಿಸ್ಟರು ಬಿಚ್ಚಿ ನೋಡಿದೆ.
ಹಾಳಾದ ಕಾಗದ: ಇನ್ನೂರು. ಕಾರಣ?
ಹಮ್ಮಬ್ಬನ ಕೋಳಿಕಾಲಿನ ಅಕ್ಷರ: ಪೇಪರ್ ಜಾಮ್.
ಕೆಳಗೆ ನಾಲ್ಕು ಸಹಿ.
ನನ್ನದೊಂದೇ ಬಾಕಿ.

ಸಂಚಿಕೆಯ ಕೊನೆಯ ಪುಟದಲ್ಲಿ ಕೃತಜ್ಞತೆಗಳಿವೆ:
ಹಾಲ್, ಕೇಟರಿಂಗ್, ಧ್ವನಿ-ಬೆಳಕು, ಚಿನ್ನದಂಗಡಿ.
ನಾನೇ ಟೈಪು ಮಾಡಿದ್ದು.

ಆ ಕೆಟ್ಟ ಹಾಳೆಯೊಂದು ಪ್ಲೇಟ್ ರೂಮಿನ ಬಾಗಿಲಲ್ಲಿ
ಇವತ್ತಿಗೂ ಅಂಟಿದೆ.
ಹೊಸಬರು ಯಾರೇ ಬರಲಿ, ಇದ್ರೀಸ್ ಪಾಠ ಮಾಡುತ್ತಾನೆ.
ಜುಮಕಿಯ ಮೇಲೆ ಮಸಿಯ ಹೆಬ್ಬೆರಳಿಟ್ಟು: ಕತೆ.
ಹೆಬ್ಬೆರಳು ತೆಗೆದು: ಕತ್ತೆ.
ಇಟ್ಟು, ತೆಗೆದು, ಇಟ್ಟು,
ಈಗ ಅಲ್ಲಿ ಏನಿತ್ತೆಂದು
ಮಸಿಯಲ್ಲಿ ಓದಲಾಗುವುದಿಲ್ಲ.